ಯೆಫ್ತಾಹನ ಮಗಳು ಯಾರ ದನಿಯಾಗ ಹಾಡಿದ್ಲು?

ಹೋದ ಲೆಂಟ್ ದಿನದಾಗ ನಮ್ಮ ಹೆಣ್ಮಕ್ಕಳ ಪ್ರಾರ್ಥನಾ ಕೂಟ ನಮ್ಮ ಮನ್ಯಾಗ ಇತ್ತು. ಅವತ್ತ ಓದೂ ಪಾಳಿ ಚಿಗವ್ವಂದು. ಅಕಿ ಚಷ್ಮಾ ಏರಿಸ್ಕೊಂಡು ನ್ಯಾಯಸ್ಥಾಪಕರ ಪುಸ್ತಕದ 11ನೇ ಅಧ್ಯಾಯ ಓದಿದ್ಲು. ಓದಿ ಮುಗಿಸಿ ಪುಸ್ತಕ ಮುಚ್ಚಲಿಲ್ಲ. ಬೆರಳು ಅಲ್ಲೇ ಇಟ್ಕೊಂಡು, "ಈ ಹುಡುಗಿಗೆ ಒಂದ್ ಹೆಸರಾದ್ರೂ ಇಡಬಾರದಾಗಿತ್ತೇನವ್ವಾ?" ಅಂದ್ಲು. ಯಾರೂ ಮಾತಾಡಲಿಲ್ಲ.

ಬಾಜೂಮನಿ ಅಕ್ಕಾರಿಗೆ ಈ ಕಥಿ ಗೊತ್ತಿರ್ಲಿಕ್ಕಿಲ್ಲ, ಅದಕ್ಕ ಮೊದ್ಲ ಹೇಳಿಬಿಡ್ತೇನಿ. ಯೆಫ್ತಾಹ ಅಂತ ಇಸ್ರಾಯೇಲ್ಯರ ಒಬ್ಬ ದಂಡಿನ ನಾಯಕ. ಅಮ್ಮೋನಿಯರ ಮ್ಯಾಲೆ ಯುದ್ಧಕ್ಕ ಹೊಂಟಾಗ ದೇವರಿಗೆ ಹರಕಿ ಹೊತ್ತ: ನಾ ಗೆದ್ದು ಬಂದ್ರ, ನನ್ನ ಮನಿ ಬಾಗಲದಿಂದ ನನ್ನ ಎದುರುಗೊಳ್ಳಾಕ ಏನು ಮೊದ್ಲ ಬರ್ತೈತೋ ಅದನ್ನ ನಿನಗ ಬಲಿ ಕೊಡ್ತೇನಿ ಅಂತ. ಗೆದ್ದ. ಮನಿಗೆ ಬಂದ. ದಮ್ಮಡಿ ಬಡಕೋತ, ಕುಣಕೋತ ಮೊದ್ಲ ಹೊರಗ ಬಂದಾಕಿ ಅವನ ಒಬ್ಬಳ ಮಗಳು. ಅಂವ ಬಟ್ಟಿ ಹರ್ಕೊಂಡು ಅತ್ತ, ಆದ್ರ ಮಾತ ಹಿಂದ ತಗೊಳ್ಳಲಿಲ್ಲ. ಮಗಳು ಕೇಳಿದ್ದು ಒಂದ: ಎರಡು ತಿಂಗಳು ಬಿಡು, ಗೆಳತ್ಯಾರ ಜೋಡಿ ಗುಡ್ಡಕ್ಕ ಹೋಗಿ, ನಾ ಕನ್ಯಾ ಆಗೇ ಸಾಯ್ತೇನಲ್ಲಾ ಅಂತ ಅತ್ತು ಬರ್ತೇನಿ. ಹೋದ್ಲು, ಬಂದ್ಲು, ಹರಕಿ ತೀರ್ತು. ವರ್ಷಕ್ಕ ನಾಕು ದಿನ ಇಸ್ರಾಯೇಲ್ಯರ ಹೆಣ್ಮಕ್ಕಳು ಅಕಿ ಸಲುವಾಗಿ ಶೋಕ ಮಾಡ್ತಿದ್ರು ಅನ್ನೂದ್ರಾಗ ಕಥಿ ಮುಗೀತೈತಿ. ಅಪ್ಪನ ಹೆಸರು ಐತಿ, ಊರ ಹೆಸರು ಐತಿ, ಮಗಳ ಹೆಸರು ಮಾತ್ರ ಇಲ್ಲ.

ಚಿಗವ್ವಗ ಈ ಕಥಿ ಯಾಕ ನಟ್ಟಿತು ಅಂತ ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತು. ಬರಿಬೇಕೋ ಬ್ಯಾಡೋ ಅಂತ ಅಕಿನ್ನ ಕೇಳಿದೆ. "ಬರಿ, ಇನ್ನೇನ್ ನಾಚಿಕಿ" ಅಂದ್ಲು. ಎಸ್ಸೆಸ್ಸೆಲ್ಸಿ ಪರೀಕ್ಷಾಕ್ಕ ಇನ್ನ ಮೂರು ತಿಂಗಳಿತ್ತಂತ. ಅಕಿ ಅಪ್ಪ, ಅಂದ್ರ ನಮ್ಮ ಅಜ್ಜ, ಯಾವುದೋ ಮದಿವಿ ಮನ್ಯಾಗ ಕುಂತಾಗ ಒಬ್ಬ ಗೆಳ್ಯಾಗ "ನನ್ನ ಮಗಳ್ನ ನಿನ್ನ ಮನಿಗೆ ಕೊಟ್ಟೆ" ಅಂತ ಮಾತು ಕೊಟ್ಟು ಬಂದುಬಿಟ್ಟಿದ್ದ. ಮಾತು ಕೊಟ್ಟಮ್ಯಾಲೆ ಮುಗೀತು. ಚಿಗಪ್ಪ ಒಳ್ಳೆಯಾಂವ, ಅದು ಬ್ಯಾರೆ ಮಾತು. "ಆದ್ರ ನೀ ಏನಂತಿ ಅಂತ ಯಾರೂ ಕೇಳಲಿಲ್ಲ ನೋಡು" ಅಂತ ಅಕಿ ಎಪ್ಪತ್ತು ದಾಟಿದ ಮ್ಯಾಲೂ ಅಂತಾಳ.

ಆ ದಿನ ಚಹಾ ಕುಡಿಯೂ ಹೊತ್ತಿಗೆ ನನ್ನ ತಂಗಿ ಮಗಳು ಮೊಬೈಲ್‌ನ್ಯಾಗ ಒಂದು ಹಾಡು ಹಚ್ಚಿದ್ಲು. ಅಕಿ ಚರ್ಚ್ ಕ್ವಾಯರ್‌ದಾಗ ಸೋಲೋ ಹಾಡಾಕಿ. "ದೊಡ್ಡವ್ವ, ಈ ಕಥಿಗೆ ಯಾವಾಗೋ ಸಂಗೀತ ಹಾಕ್ಯಾರ, ಕೇಳ್ರಿ" ಅಂದ್ಲು. ಭಾಷಾ ಲ್ಯಾಟಿನ್, ಒಂದಕ್ಷರ ತಿಳೀಲಿಲ್ಲ. ಆದ್ರ ಒಂದು ಹೆಣ್ಣು ದನಿ ಗುಡ್ಡದ ಮ್ಯಾಲೆ ಅಳ್ತೈತಿ ಅನ್ನೂದು ತಿಳೀತು. ಅಕಿ ಸಾಲಿನ ಕೊನೀ ಮಾತನ್ನ ಮತ್ತ ಎರಡು ದನಿ ದೂರದಿಂದ ತಿರುಗಿ ಹಾಡ್ತಿದ್ವು, ಗುಡ್ಡದ ಮಾರ್ದನಿ ಇದ್ದಂಗ. ಚಿಗವ್ವ ಕಪ್ಪು ಕೆಳಗಿಟ್ಟು ಕೇಳಿದ್ಲು. ಆಮ್ಯಾಲೆ ನಾ ಇದರ ಬೆನ್ನು ಹತ್ತಿದೆ. ನಾ ಓದಿದ್ದು ಪಿಯುಸಿ, ಸಂಗೀತದ ಶಾಸ್ತ್ರ ನನಗ ಬರೂದಿಲ್ಲ. ತಿಳ್ಕೊಂಡಷ್ಟು ನಿಮ್ಮ ಮುಂದ ಇಡ್ತೇನಿ.

ಆ ಹಾಡು ಕಟ್ಟಿದಾಂವ ಜಾಕೊಮೊ ಕರಿಸ್ಸಿಮಿ. 1605ರಾಗ ರೋಮ್ ಹತ್ರದ ಮಾರೀನೊ ಅನ್ನೂ ಊರಾಗ ಹುಟ್ಟಿದ, 1674ರಾಗ ತೀರಿಕೊಂಡ. ರೋಮ್‌ನ್ಯಾಗ ಜರ್ಮನ್ ಪಾದ್ರಿಗಳನ್ನ ತಯಾರು ಮಾಡೂ ಒಂದು ಕಾಲೇಜು ಇತ್ತು, ಅದರ ಸಂಗೀತದ ಜವಾಬ್ದಾರಿ ನಲವತ್ತು ವರ್ಷದ ಮ್ಯಾಲೆ ಇವಂದ. ಇವನ 'ಯೆಫ್ತೆ' 1650ಕ್ಕಿಂತ ಮೊದ್ಲಿಂದು. ಹೆಂಗ ಗೊತ್ತು ಅಂದ್ರ, 1650ರಾಗ ಆಥನೇಷಿಯಸ್ ಕಿರ್ಚರ್ ಅನ್ನೂ ಜೆಸ್ವಿಟ್ ಪಂಡಿತ ಸಂಗೀತದ ಮ್ಯಾಲೆ ದೊಡ್ಡ ಪುಸ್ತಕ ಅಚ್ಚು ಹಾಕಿಸಿದ, ಅದರಾಗ ಈ ಹಾಡನ್ನ ಹೊಗಳ್ಯಾನ. ಗೆಲುವಿನ ಖುಷಿ ಒಮ್ಮೆಲೆ ದುಃಖಕ್ಕ ತಿರುಗೂದನ್ನ ಸ್ವರದಾಗ ಹೆಂಗ ತೋರಿಸ್ಯಾನ ಅಂತ ಮೆಚ್ಚಿ ಬರದಾನ.

ಇಂಥಾ ರಚನಾಕ್ಕ 'ಒರಟೋರಿಯೋ' ಅಂತಾರ. ಆ ಶಬ್ದಕ್ಕ ಮೊದ್ಲಿನ ಅರ್ಥ ಪ್ರಾರ್ಥನಾ ಕೋಣಿ. ರೋಮ್‌ನ್ಯಾಗ ಫಿಲಿಪ್ಪೊ ನೇರಿ ಅನ್ನೂ ಪಾದ್ರಿ 1500ರ ಶತಮಾನದಾಗ ಇಂಥಾ ಕೋಣ್ಯಾಗ ಮಂದಿನ್ನ ಕೂಡಿಸಿ ಪ್ರಾರ್ಥನಾ, ಉಪದೇಶ, ಹಾಡು ನಡಸ್ತಿದ್ದ. ಬರ್‍ತಾ ಬರ್‍ತಾ ಆ ಕೋಣ್ಯಾಗ ಹಾಡೂ ಕಥಿಗೇ ಕೋಣಿ ಹೆಸರು ಬಂತು. ಲೆಂಟ್ ದಿನದಾಗ ನಾಟಕಶಾಲಿ ಮುಚ್ಚತಿದ್ವು. ಸಂಗೀತದ ಹುಚ್ಚಿರೂ ಮಂದಿಗೆ ಆ ನಲವತ್ತು ದಿನ ಬೈಬಲ್ ಕಥಿ ಹಾಡೂದೇ ನಾಟಕ. ವೇಷ ಇಲ್ಲ, ಪರದೆ ಇಲ್ಲ, ಯಾರೂ ಎದ್ದು ಕುಣಿಯೂದಿಲ್ಲ. ನಿಂತಲ್ಲೆ ಹಾಡಿ ಕಥಿ ಹೇಳಬೇಕು.

ಯೆಫ್ತೆಯಾಗ ಅಪ್ಪಂದು ಒಂದು ದನಿ, ಮಗಳದೊಂದು ದನಿ, ನಡುವ ಕಥಿ ಹೇಳೂ ದನಿ. ಕಥಿ ಹೇಳೂ ಕೆಲಸ ಒಬ್ಬರದ್ದಲ್ಲ. ಒಮ್ಮೆ ಎತ್ತರದ ದನಿ, ಒಮ್ಮೆ ದಪ್ಪ ದನಿ, ಒಮ್ಮೆ ಎಲ್ಲಾರೂ ಕೂಡಿ. ಕೊನೀಗೆ ಆರು ದನಿಯ ಮೇಳ ಶೋಕ ಮಾಡತೈತಿ. ಕೇಳಿದ್ರ ಎದಿ ಹಿಂಡತೈತಿ. ಆದ್ರ ಒಂದು ಗಮನಿಸ್ರಿ: ಆ ಮೇಳ ಶುರು ಆದ ಮ್ಯಾಲೆ ಮಗಳು ಮತ್ತ ಹಾಡೂದಿಲ್ಲ. ಅಳೂದು ಎಲ್ಲಾರೂ ಕೂಡಿ ಅಳ್ತಾರ, ಯಾರ ಸಲುವಾಗಿ ಅಳ್ತಾರೋ ಅಕಿ ಹೋಗಿಬಿಟ್ಟಿರ್ತಾಳ.

ಇನ್ನೊಂದು ಮಾತು ತಿಳಿದಾಗ ನಾ ಸುಮ್ನ ಕುಂತೆ. ಆವಾಗ ರೋಮ್‌ನ ಚರ್ಚ್‌ದಾಗ ಹೆಂಗಸ್ರು ಹಾಡೂ ಹಂಗಿದ್ದಿಲ್ಲ, ಕನ್ಯಾಮಠದ ಗ್ವಾಡಿ ಒಳಗ ಸನ್ಯಾಸಿನಿಯರು ಹಾಡೂದೊಂದ ಬಿಟ್ಟು. ಪೋಪರ ಊರಾಗ ನಾಟಕದ ರಂಗದ ಮ್ಯಾಲೂ ಹೆಣ್ಣಿಗೆ ಜಾಗ ಇದ್ದಿಲ್ಲ. ಎತ್ತರದ ದನಿ ಬೇಕಾದ್ರ ಸಣ್ಣ ಹುಡುಗ್ರು ಹಾಡ್ತಿದ್ರು, ಇಲ್ಲಾಂದ್ರ ದನಿ ಒಡೀಬಾರದಂತ ಎಳೇ ವಯಸ್ಸಿನಾಗ ಬೀಜ ತಗಿಸಿದ ಗಂಡಸ್ರು. ಅಂದ್ರ, ಕನ್ಯಾ ಆಗೇ ಸಾಯ್ತೇನಲ್ಲಾ ಅಂತ ಗುಡ್ಡದ ಮ್ಯಾಲೆ ಅತ್ತ ಮಗಳ ಹಾಡು ಆ ಊರಾಗ ಗಂಡಸರ ಗಂಟಲದಾಗ ಇತ್ತು. ಆ ಹುಡುಗ್ರನ್ನೂ ಮನ್ಯಾಗಿನವರು ಕೇಳಿ ಮಾಡಿದ್ದಲ್ಲ ಬಿಡ್ರಿ. ಅವರದ್ದೂ ಒಂದು ಬಲೀನೇ.

ರೋಮ್‌ನಿಂದ ಈ ಪದ್ಧತಿ ಪ್ಯಾರಿಸ್ಸಿಗೆ ಬಂತು. ಮಾರ್ಕ್-ಅಂತ್ವಾನ್ ಶಾರ್ಪಾಂತಿಯೆ ಅನ್ನಾಂವ 1660ರ ದಶಕದಾಗ ರೋಮ್‌ನ್ಯಾಗ ಇದ್ದು, ಊರಿಗೆ ತಿರುಗಿ ಬಂದಮ್ಯಾಲೆ ಲ್ಯಾಟಿನ್‌ನ್ಯಾಗ ಇಂಥಾ ಬೈಬಲ್ ಕಥಿ ಭಾಳ ಕಟ್ಟಿದ. ಎಸ್ತೇರಳ ಕಥಿ, ಯೂದಿತಳ ಕಥಿ ಎರಡೂ ಅದರಾಗ ಅದಾವು. ಅಂವ ಇದ್ದದ್ದು ಗೀಸ್ ಮನೆತನದ ಒಬ್ಬ ರಾಜಕುಮಾರಿ ಆಶ್ರಯದಾಗ. ಅಕಿ ಮನೀ ಹಾಡುಗಾರರಾಗ ಹೆಂಗಸ್ರೂ ಇದ್ರು. ಮನೀ ಒಳಗಾದ್ರೂ ಹೆಣ್ಣಿನ ಹಾಡು ಹೆಣ್ಣಿನ ಬಾಯಿಗೆ ಬಂತು ಅನ್ರಿ.

ಈಗ ನಾ ಹೇಳಬೇಕಂತಿದ್ದ ಹೆಣ್ಮಗಳ ಹತ್ರ ಬಂದೆ. ಅಕಿ ಹೆಸರು ಎಲಿಜಬೆತ್ ಜಾಕೆ. 1665ರಾಗ ಪ್ಯಾರಿಸ್ಸಿನಾಗ ಹುಟ್ಟಿದ್ಲು. ಮನೆತನದ ಮಂದಿ ಎಲ್ಲಾ ಸಂಗೀತದವ್ರು, ವಾದ್ಯ ಮಾಡೂವ್ರು. ಅಪ್ಪ ಚರ್ಚಿನಾಗ ಆರ್ಗನ್ ನುಡಸ್ತಿದ್ದ. ಐದು ವರ್ಷದ ಕೂಸಿದ್ದಾಗ ಅಪ್ಪ ಅಕಿನ್ನ ಹದಿನಾಲ್ಕನೇ ಲೂಯಿ ರಾಜನ ಮುಂದ ಕೂಡ್ರಿಸಿ ಹಾರ್ಪ್ಸಿಕಾರ್ಡ್ ನುಡಸಿಸಿದ. ಹಾರ್ಪ್ಸಿಕಾರ್ಡ್ ನೋಡಾಕ ಪಿಯಾನೋ ಇದ್ದಂಗ, ಆದ್ರ ಒಳಗ ತಂತಿಗೆ ಸುತ್ತಿಗಿ ಬಡಿಯೂದಿಲ್ಲ, ಹಕ್ಕಿ ಗರಿ ಕಡ್ಡಿ ತಂತಿ ಮೀಟತೈತಿ. 1677ರಾಗ 'ಮೆರ್ಕ್ಯೂರ್ ಗಲಾಂ' ಅನ್ನೂ ಪತ್ರಿಕಾ, ಈ ಹುಡುಗಿ ಎಂಥಾ ಕಠಿಣ ಸಂಗೀತ ಆದ್ರೂ ನೋಡಿದ ಕೂಡ್ಲೆ ಹಾಡ್ತಾಳ, ತಾನ ನುಡಿಸ್ತಾಳ, ಸ್ವಂತ ಕಟ್ಟತಾಳ ಅಂತ ಬೆರಗಾಗಿ ಬರೀತು. ರಾಜನ ಪ್ರೀತಿಯ ಮದಾಮ್ ದ ಮೊಂತೆಸ್ಪಾಂ ಅಕಿನ್ನ ಕೆಲವು ವರ್ಷ ತನ್ನ ಹತ್ರ ಇಟ್ಕೊಂಡಿದ್ಲು.

1684ರಾಗ ಮಾರೆ ದ ಲ ಗೆರ್ ಅನ್ನೂ ಆರ್ಗನ್ ವಾದಕನ್ನ ಮದಿವಿ ಆದ್ಲು. ಮದಿವಿ ಆದಮ್ಯಾಲೆ ಸಂಗೀತ ಬಿಡಲಿಲ್ಲ. 1687ರಾಗ ಹಾರ್ಪ್ಸಿಕಾರ್ಡ್ ರಚನಾದ ಪುಸ್ತಕ ಅಚ್ಚು ಹಾಕಿಸಿದ್ಲು. 1694ರಾಗ ಅಕಿ ಕಟ್ಟಿದ ಆಪೆರಾ ಪ್ಯಾರಿಸ್ಸಿನ ರಾಜಮರ್ಯಾದಿ ರಂಗದ ಮ್ಯಾಲೆ ಬಂತು. ಫ್ರಾನ್ಸ್‌ನ್ಯಾಗ ಒಬ್ಬ ಹೆಂಗಸು ಬರದ ಮೊದಲನೇ ಆಪೆರಾ ಅದು. ಆದ್ರ ಮಂದಿ ಕೈ ಹಿಡೀಲಿಲ್ಲ. ಕೆಲವ ಆಟಕ್ಕ ನಿಂತುಹೋತು. ಅಕಿ ಮತ್ತ ಆಪೆರಾಕ್ಕ ಕೈ ಹಾಕಲಿಲ್ಲ.

ಅಕಿಗೆ ಒಬ್ಬನ ಮಗ. ಎಂಟು ವರ್ಷಕ್ಕ ಅಂವ ಅವ್ವನಂಗ ನುಡಿಸ್ತಿದ್ದನಂತ, ಹತ್ತು ವರ್ಷದಾಂವ ಇದ್ದಾಗ ತೀರಿಕೊಂಡ. 1704ರಾಗ ಗಂಡನೂ ಹೋದ. ಮೂವತ್ತೊಂಬತ್ತನೇ ವಯಸ್ಸಿನಾಗ ಒಬ್ಬಾಕಿನ ಉಳದ್ಲು. ಮನ್ಯಾಗ ಸಂಗೀತ ಕಛೇರಿ ಇಟ್ಕೊಂಡ್ಲು. ಪ್ಯಾರಿಸ್ಸಿನ ದೊಡ್ಡ ದೊಡ್ಡ ಸಂಗೀತಗಾರರು, ರಸಿಕರು ಅಕಿನ್ನ ಕೇಳಾಕ ಮನಿಗೆ ಬರ್ತಿದ್ರು.

1708ರಾಗ ಅಕಿ ಬೈಬಲ್ ಕಥಿಯ ಹಾಡಿನ ಪುಸ್ತಕ ತಂದ್ಲು. ಇವಕ್ಕ 'ಕಾಂಟಾಟಾ' ಅಂತಾರ. ಪುಸ್ತಕದಾಗ ಆರು: ಎಸ್ತೇರ್, ಕೆಂಪು ಸಮುದ್ರ ದಾಟಿದ್ದು, ಯಾಕೋಬ-ರಾಹೇಲ್, ಯೋನ, ಸುಸನ್ನ, ಯೂದಿತ್. 1711ರಾಗ ಇನ್ನೊಂದು ಪುಸ್ತಕ, ಅದರಾಗೂ ಆರು: ಆದಾಮ, ತಿರುಗಿ ಕಟ್ಟಿದ ದೇವಾಲಯ, ಜಲಪ್ರಳಯ, ಯೋಸೇಫ, ಯೆಫ್ತಾಹ, ಸಂಸೋನ. ಸಾಹಿತ್ಯ ಅಂತ್ವಾನ್ ಊದಾರ್ ದ ಲ ಮೊತ್ ಅನ್ನೂ ಕವಿದು. ಎರಡೂ ಪುಸ್ತಕ ರಾಜನಿಗೆ ಅರ್ಪಣಾ. ಭಾಷಾ ಲ್ಯಾಟಿನ್ ಅಲ್ಲ, ಮನೀ ಮಂದಿ ಆಡೂ ಫ್ರೆಂಚ್.

ಇಷ್ಟು ಹೊತ್ತಿಗೆ ಚಿಗವ್ವ ಕೇಳಿದ್ಲು: "ಆಪೆರಾ ಬಿಟ್ಟು ಇದನ್ಯಾಕ ಹಿಡದ್ಲು?" ಅಕಿ ದುಃಖದಿಂದ ದೇವರ ಹಾಡಿಗೆ ತಿರುಗಿದ್ಲು ಅಂತ ಹೇಳಿದ್ರ ಕಥಿ ಚಂದ ಆಗತೈತಿ. ಆದ್ರ ನಾ ಹಂಗ ಗಂಟು ಹಾಕೂದಿಲ್ಲ. ಕಾಲ ಹಂಗಿತ್ತು. ರಾಜಗ ವಯಸ್ಸಾಗಿತ್ತು, ಎರಡನೇ ಹೆಂಡತಿ ಮದಾಮ್ ದ ಮ್ಯಾಂತೆನೊಂ ಭಾಳ ಭಕ್ತಿವಂತಿ, ಆಸ್ಥಾನದಾಗ ಕುಣಿತ-ನಾಟಕದ ಗದ್ದಲ ಇಳದಿತ್ತು. ಇಟಲಿ ಕಡಿಂದ ಬಂದ ಕಾಂಟಾಟಾದ ಹುಚ್ಚು ಪ್ಯಾರಿಸ್ಸಿಗೆ ಆವಾಗ ಹತ್ತಿತ್ತು. ಮೊರೆ ಅನ್ನಾಂವ 1706ರಾಗ ಫ್ರೆಂಚ್ ಕಾಂಟಾಟಾದ ಪುಸ್ತಕ ತಂದಿದ್ದ. ಆದ್ರ ಆ ಹಾಡು ಹೆಚ್ಚಾಗಿ ಪ್ರೇಮದ ಕಥಿ. ಇಕಿ ಬೈಬಲ್ ಹಿಡದ್ಲು. ದೊಡ್ಡ ಮನೆತನದವರು ತಮ್ಮ ಹೆಣ್ಮಕ್ಕಳ ಕೈಯಾಗ ಧೈರ್ಯದಿಂದ ಕೊಡಬಹುದಾದ ಹಾಡು. ವಿಧವಾ ಹೆಣ್ಮಗಳು, ರುಚಿನೂ ತಿಳ್ಕೊಂಡಾಳ, ಲೆಕ್ಕಾನೂ ತಿಳ್ಕೊಂಡಾಳ. ಅದರಾಗ ತಪ್ಪೇನೈತಿ?

ಹೆಣ್ಮಕ್ಕಳು ಬೈಬಲ್ ಕಥಿ ಹಾಡೂದೂ ಆವಾಗ ಸಲೀಸ ಇದ್ದಿಲ್ಲ ನೋಡ್ರಿ. ಮದಾಮ್ ದ ಮ್ಯಾಂತೆನೊಂ ಬಡ ಸರದಾರರ ಹೆಣ್ಮಕ್ಕಳ ಸಲುವಾಗಿ ಸ್ಯಾಂ-ಸೀರ್‌ದಾಗ ಒಂದು ಶಾಲಿ ತಗದಿದ್ಲು. 1689ರಾಗ ಆ ಹುಡುಗ್ಯಾರು ರಾಸೀನ್ ಕವಿ ಬರದ 'ಎಸ್ತೇರ್' ನಾಟಕ ಆಡಿದ್ರು, ನಡುವ ಮೊರೋ ಅನ್ನಾಂವನ ಸಂಗೀತ. ರಾಜನ ಬಂದು ನೋಡಿದ. ಹೊಗಳಿಕಿ ಎಷ್ಟಾತೋ ಟೀಕಿನೂ ಅಷ್ಟ ಆತು: ಮನೆತನಸ್ತರ ಹುಡುಗ್ಯಾರನ್ನ ಆಸ್ಥಾನದ ಗಂಡಸರ ಮುಂದ ನಿಲ್ಲಸೂದಾ ಅಂತ. 1691ರಾಗ ಮುಂದಿನ ನಾಟಕಕ್ಕ ವೇಷಾನೂ ಇಲ್ಲ, ರಂಗಾನೂ ಇಲ್ಲ. ಕಥಿ ದೇವರದ್ದಾದ್ರೂ ನೋಡೂ ಮಂದಿ ಹುಡುಗಿನ್ನ ನೋಡತಾರ ಅನ್ನೂ ಅಂಜಿಕಿ.

ಇನ್ನ ಈ ಕಾಂಟಾಟಾ ಹಾಡೂದು ಹೆಂಗ ಅಂತ ಹೇಳ್ತೇನಿ. ಹೆಚ್ಚಿನವು ಒಂದ ದನಿಗೆ ಬರದದ್ದು. ಎರಡನೇ ಪುಸ್ತಕದ ಯೆಫ್ತಾಹ ಎರಡು ದನಿಗೆ. ಮೊದ್ಲ ಮಾತಿನಂಗ ಹಾಡೂ ಭಾಗ, ತಾಳಕ್ಕ ಗಟ್ಟ್ಯಾಗಿ ಕಟ್ಟಿರೂದಿಲ್ಲ, ಮಾತು ಎಲ್ಲಿ ನಿಲ್ತೈತೋ ದನಿನೂ ಅಲ್ಲಿ ನಿಲ್ತೈತಿ. ಅದರಾಗ ಕಥಿ ಮುಂದ ಹೋಗತೈತಿ. ಆಮ್ಯಾಲೆ ಪದದಂಗ ಹಾಡೂ ಭಾಗ. ಅದರಾಗ ಕಥಿ ನಿಲ್ತೈತಿ, ಮನಸ್ಸಿನ ಮಾತು ಬರ್‍ತೈತಿ. ಹಿಂಗ ಒಂದಾದಮ್ಯಾಲೆ ಒಂದು. ನಮ್ಮ ಕಡೆ ಕೀರ್ತನಕಾರರು ಕಥಿ ಹೇಳ್ತ ಹೇಳ್ತ ನಡುವ ಪದ ಹಾಡ್ತಾರಲ್ಲ, ಹಂಗ ಅಂದ್ಕೋರಿ. ರಾಜಾನೂ ಅಕಿನ, ರಾಣಿನೂ ಅಕಿನ, ಕಥಿ ಹೇಳಾಕಿನೂ ಅಕಿನ.

ಜೋಡಿಗೆ ಒಂದು ಹಾರ್ಪ್ಸಿಕಾರ್ಡ್, ಒಂದು ದಪ್ಪ ದನಿಯ ತಂತಿ ವಾದ್ಯ, ಕೆಲವದಕ್ಕ ಪಿಟೀಲು ಇಲ್ಲಾ ಕೊಳಲು. ಹಾರ್ಪ್ಸಿಕಾರ್ಡ್ ನುಡಿಸೂವ್ರಿಗೆ ಪೂರಾ ಸ್ವರ ಬರದಿರೂದಿಲ್ಲ. ಕೆಳಗಿನ ಸ್ವರ ಬರದು ಅದರ ಮ್ಯಾಲೆ ಕೆಳಗ ಅಂಕಿ ಇಟ್ಟಿರ್ತಾರ. ಆ ಅಂಕಿ ನೋಡಿ ಉಳದ ಸ್ವರ ತಾವ ಕೂಡಿಸ್ಕೋಬೇಕು. ಹಾಡಾಕಿ ದನಿ ಸಣ್ಣದಿದ್ರ ಹಗುರ್ಕ, ದೊಡ್ಡದಿದ್ರ ತುಂಬಿ. ಅವ್ವ ಅಳತಿ ಬರದಿಟ್ಟಿರ್ತಾಳ, ಉಪ್ಪು ನಮ್ಮ ಕೈಯಾಗ, ಹಂಗ. ಇಷ್ಟಾದ್ರ ಒಂದು ಮನೀ ಪಡಸಾಲ್ಯಾಗ ಮುಗೀತು. ಆಪೆರಾಕ್ಕ ಬೇಕಾದ ರಂಗ, ಪರದೆ, ಐವತ್ತು ಮಂದಿ, ಯಾರದೋ ಪರವಾನಗಿ ಯಾವುದೂ ಬೇಕಿಲ್ಲ.

ಪಡಸಾಲಿ ಅಂತ ಸಂಗೀತ ಬಡವ ಆಗಲಿಲ್ಲ. ಯೋನನ ಕಥ್ಯಾಗ ಸಮುದ್ರದ ಬಿರುಗಾಳಿ ಬರ್‍ತೈತಿ, ಅದನ್ನ ಎರಡು ಮೂರು ವಾದ್ಯದಾಗ ಎಬ್ಬಸ್ಯಾಳ. ಯೂದಿತಳದ್ದು ನನಗ ಎಲ್ಲಾದಕ್ಕಿಂತ ಸೇರಿತು. ಯೂದಿತಳ ಪುಸ್ತಕ ನಮ್ಮ ಬೈಬಲ್‌ನ್ಯಾಗ ಇಲ್ಲ, ಕ್ಯಾಥೊಲಿಕರ ಬೈಬಲ್‌ನ್ಯಾಗ ಐತಿ. ಇಕಿನೂ ವಿಧವಾ. ಊರಿಗೆ ಶತ್ರು ಮುತ್ತಿಗಿ ಹಾಕ್ಯಾನ, ನೀರಿಲ್ಲ, ಗಂಡಸ್ರು ಶರಣಾಗೂದು ಅಂತ ನಿಶ್ಚಯ ಮಾಡ್ಯಾರ. ಇಕಿ ಶೃಂಗಾರ ಮಾಡ್ಕೊಂಡು ಶತ್ರು ಸೇನಾಪತಿ ಡೇರೆಕ್ಕ ಹೋಗ್ತಾಳ. ಅಂವ ಕುಡದು ಮಲಗ್ತಾನ. ಅವನ ಕತ್ತೀಲೆ ಅವನ ತಲಿ ತಗೀತಾಳ. ಈ ಹಾಡಿನಾಗ ಅಂವ ಮಲಗೂ ಹೊತ್ತಿಗೆ ದನಿ ಸುಮ್ನಾಗತೈತಿ. ವಾದ್ಯ ಅಷ್ಟ ಮೆತ್ತಗ ತೂಗತಾವು, ಕೂಸಿನ ತೊಟ್ಟಲಾ ತೂಗಿದಂಗ. ಮುಂದ ಆಗೂದೇನು ಅಂತ ನಮಗ ಗೊತ್ತು, ಅಂವಗ ಗೊತ್ತಿಲ್ಲ. ನಾ ಅದನ್ನ ರೊಟ್ಟಿ ಬಡಕೋತ ಕೇಳ್ತಿದ್ದೆ, ಕೈ ನಿಂತುಹೋತು, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿತು.

ಸುಸನ್ನಳ ಕಥಿನೂ ನೋಡ್ರಿ. ತೋಟದಾಗ ಸ್ನಾನಕ್ಕ ಇಳದಾಗ ಇಬ್ಬರು ಮುದುಕ ಹಿರೇರು ಬಚ್ಚಿಟ್ಕೊಂಡು ನೋಡಿ, ನಮ್ಮ ಮಾತು ಕೇಳು, ಇಲ್ಲಾಂದ್ರ ನಿನ್ನ ಮ್ಯಾಲೆ ಸುಳ್ಳು ಹೇಳ್ತೇವಿ ಅಂತಾರ. ಅಕಿ ಕೇಳೂದಿಲ್ಲ. ಅವ್ರು ಸುಳ್ಳು ಹೇಳೇ ಬಿಡ್ತಾರ. ದಾನಿಯೇಲ ಅನ್ನೂ ಹುಡುಗ ಇಬ್ಬರನ್ನೂ ಬ್ಯಾರೆ ಬ್ಯಾರೆ ನಿಲ್ಲಿಸಿ, ಯಾವ ಗಿಡದ ಕೆಳಗ ನೋಡಿದ್ರಿ ಅಂತ ಕೇಳಿದಾಗ ಒಬ್ಬ ಒಂದು ಗಿಡ ಹೇಳ್ತಾನ, ಇನ್ನೊಬ್ಬ ಇನ್ನೊಂದು. ಮೊದಲನೇ ಪುಸ್ತಕದ ಆರರಾಗ ನಾಕು ಹೆಣ್ಣಿನ ಹೆಸರಿನ ಹಾಡು: ಎಸ್ತೇರ್, ರಾಹೇಲ್, ಸುಸನ್ನ, ಯೂದಿತ್. ಕಟ್ಟಿದಾಕಿ ಹೆಂಗಸು. ಹೊತ್ತಗೀ ಮ್ಯಾಲೆ ಅಚ್ಚಾಗಿದ್ದೂ ಅಕಿ ಹೆಸರು.

ಇಕಿ 1729ರಾಗ ತೀರಿಕೊಂಡ್ಲು. ಅದಕ್ಕಿಂತ ಮೊದ್ಲ 1721ರಾಗ ಚಿಕ್ಕ ರಾಜ ಹದಿನೈದನೇ ಲೂಯಿ ಬ್ಯಾನಿಯಿಂದ ಎದ್ದಾಗ ಒಂದು ಸ್ತೋತ್ರ ಕಟ್ಟಿದ್ಲು, ಅದು ಈಗ ಉಳದಿಲ್ಲ. 1732ರಾಗ ತೀತೊಂ ದ್ಯು ತಿಯೆ ಫ್ರಾನ್ಸಿನ ದೊಡ್ಡ ಕವಿ, ಸಂಗೀತಗಾರರ ಬಗ್ಗೆ ಪುಸ್ತಕ ಬರದಾಗ ಅದರಾಗ ಇಕಿಗೂ ಜಾಗ ಕೊಟ್ಟ. ಆಮ್ಯಾಲೆ ಭಾಳ ದಿನ ಮಂದಿ ಮರತ್ರು. ಈಗ ಮತ್ತ ಹಾಡ್ತಾರ, ಯೂಟ್ಯೂಬ್‌ನ್ಯಾಗ ಸಿಗ್ತಾವು.

ಯೆಫ್ತಾಹನ ಮಗಳ ಕಥಿ ಅಲ್ಲಿಗೇ ನಿಲ್ಲಲಿಲ್ಲ. 1752ರಾಗ ಲಂಡನ್ನಿನಾಗ ಹ್ಯಾಂಡೆಲ್‌ನ 'ಜೆಫ್ತಾ' ಹಾಡಿದ್ರು. ಅದನ್ನ ಬರೆಯೂವಾಗ ಅಂವಗ ಕಣ್ಣು ಹೋಗಾಕ ಹತ್ತಿದ್ವು, ನಡುವ ಕೆಲಸ ನಿಲ್ಲಸಬೇಕಾತು. ಅದರಾಗ ಮಗಳಿಗೆ ಐಫಿಸ್ ಅಂತ ಹೆಸರಿಟ್ಟಾರ. ಕೊನೀಗೆ ದೇವದೂತ ಬಂದು ಬಲಿ ಬ್ಯಾಡ ಅಂತಾನ, ಹುಡುಗಿ ಮದಿವಿ ಆಗದ ದೇವರ ಸೇವಾದಾಗ ಬದುಕ್ತಾಳ. ಇದನ್ನ ಹೇಳಿದ್ರ ಚಿಗವ್ವಗ ಖುಷಿ ಆಗತೈತಿ ಅಂತ ತಿಳಿದಿದ್ದೆ. ಅಕಿ ತಲಿ ಅಲ್ಲಾಡಿಸಿದ್ಲು. "ಉಳಿಸಿದ್ದು ಛಲೋ ಆತು. ಆದ್ರ ಅಲ್ಲೂ ಅಕಿನ್ನ ಕೇಳಲಿಲ್ಲ, ಹೌದಲ್ಲೋ?" ಅಂದ್ಲು. ನನ್ನ ಹತ್ರ ಉತ್ತರ ಇದ್ದಿಲ್ಲ.

ಸಾಮೂಹಿಕ ಹಾಡು ನಮಗ ಬೇಕು, ಅದರಾಗ ಸಮಾಧಾನ ಐತಿ. ಒಬ್ಬರ ದನಿ ನಡುಗಿದ್ರ ಬಾಜೂದವ್ರ ದನಿ ಹಿಡೀತೈತಿ. ಆದ್ರ ಕೆಲವು ಕಥಿಗೆ ಒಂದ ದನಿ ಬೇಕು. ನಡುಗಿದ್ರ ನಡುಗಲಿ, ಯಾರು ನಡುಗಿದ್ರು ಅಂತ ಕೇಳಸಬೇಕು. ಕರಿಸ್ಸಿಮಿ ಮಗಳಿಗೆ ಗುಡ್ಡದ ಮ್ಯಾಲೆ ಒಂದಿಷ್ಟು ಹೊತ್ತು ಅದನ್ನ ಕೊಟ್ಟ. ಎಲಿಜಬೆತ್ ಪಡಸಾಲ್ಯಾಗ ಒಬ್ಬ ಹೆಣ್ಮಗಳ ಬಾಯಿಗೇ ಇಡೀ ಕಥಿ ಕೊಟ್ಲು.

ಈಗ ನಮ್ಮ ಮನೀ ಸುದ್ದಿ. ತಂಗಿ ಮಗಳು ಈ ಕಥಿನ್ನ ಕನ್ನಡದಾಗ ಕಟ್ಟಾಕ ಹತ್ಯಾಳ. ಮಾತಿನಂಗ ಹಾಡೂ ಭಾಗ ನಾ ಬರದು ಕೊಟ್ಟೇನಿ, ಪದ ಅಕೀವು, ಜೋಡಿಗೆ ಹಾರ್ಮೋನಿಯಂ ಅಷ್ಟ. ಹುಡುಗಿಗೆ ಒಂದು ಹೆಸರು ಇಡೂಣು ಅಂತ ನಾ ಅಂದೆ. ಚಿಗವ್ವ ಬ್ಯಾಡ ಅಂದ್ಲು. "ನಾವು ಇಟ್ರ ಅದೂ ನಾವು ಇಟ್ಟಿದ್ದ ಆತು. ಅಪ್ಪ ಬಟ್ಟಿ ಹರ್ಕೊಂಡು ಅತ್ತಮ್ಯಾಲೆ ಅಕಿ ಒಂದು ಗಳಿಗಿ ಸುಮ್ನ ನಿಲ್ಲಲಿ. ಆಮ್ಯಾಲೆ ಏನು ಹಾಡ್ತಾಳೋ ಹಾಡಲಿ" ಅಂದ್ಲು. ಅಲ್ಲಿ ಹಾರ್ಮೋನಿಯಂ ನಿಲ್ಲಿಸೂದು ಅಂತ ಠರಾವು ಆಗೈತಿ.

ಮುಂದಿನ ಲೆಂಟ್‌ದಾಗ ಮೊದ್ಲನೇ ಶುಕ್ರವಾರ ಕೂಟ ನಮ್ಮ ಮನ್ಯಾಗ ಐತಿ. ಬಾಜೂಮನಿ ಅಕ್ಕಾರೂ ಬರ್ರಿ, ವೈನಿಗೋಳೂ ಬರ್ರಿ. ಹಾಡಿನ ಪುಸ್ತಕ ತರೂದು ಬ್ಯಾಡ, ಅವತ್ತ ಒಬ್ಬಾಕಿನ ಹಾಡಾಕಿ.